ಓದಿಸಿದ್ದೇ ನಿನ್ನ ಪಾಲು

"ನಿನ್ನನ್ನ ಓದಿಸಿದ್ದೇ ನಿನ್ನ ಪಾಲು ಕಣೋ" ಅಂತ ಅಣ್ಣ ಅಂದಾಗ ಜಗಲಿ ಮೇಲೆ ಆರು ಜನ ಇದ್ದರು. ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಪಂಚಾಯ್ತಿಗೆ ಅಂತ ಕರೆಸಿದ್ದ ದೊಡ್ಡಪ್ಪ, ಮತ್ತೆ ನಾವು. ಯಾರೂ ಮಾತಾಡಲಿಲ್ಲ. ಅವ್ವ ಎದ್ದು ಟೀ ಕಾಯಿಸೋಕೆ ಒಳಗೆ ಹೋದಳು. ಟೀ ಕುಡಿದು ಹತ್ತು ನಿಮಿಷವೂ ಆಗಿರಲಿಲ್ಲ.

ಇಲ್ಲಿ 'ನಾವು' ಅಂದರೆ ಒಬ್ಬರೇ. ಹತ್ತು ವರ್ಷದಿಂದ ಸುದ್ದಿ ಬರೆದು ಬರೆದು ನಮಗೆ 'ನಾನು' ಅಂತ ಬರೆಯೋಕೆ ಕೈ ಬರಲ್ಲ. ಮನೆಯಲ್ಲಿ ಇದಕ್ಕೆ ನಗುತ್ತಾರೆ. ಆವತ್ತು ಯಾರೂ ನಗಲಿಲ್ಲ.

ವಿಷಯ ಇಷ್ಟು. ನಮ್ಮದು ನಾಲ್ಕೂವರೆ ಎಕರೆ ಇತ್ತು, ತಾತನ ಕಾಲದ್ದು. 2008ರಲ್ಲಿ ಅಪ್ಪ ರಸ್ತೆ ಪಕ್ಕದ 20 ಗುಂಟೆ ಮಾರಿದರು. ನಮ್ಮ ಡಿಗ್ರಿ, ಹಾಸ್ಟೆಲ್ಲು, ಆಮೇಲೆ ಪತ್ರಿಕೋದ್ಯಮ ಡಿಪ್ಲೊಮಾ, ಎಲ್ಲಾ ಅದರಲ್ಲೇ ಆಯಿತು. ಒಂದು ಲಕ್ಷದ ಹತ್ತು ಸಾವಿರಕ್ಕೆ ಹೋದ ಜಮೀನು ಅದು. ಈಗ ಆ ರಸ್ತೆ ಅಗಲ ಆಗಿದೆ, ಗುಂಟೆಗೇ ಎರಡು ಲಕ್ಷ ಅನ್ನುತ್ತಾರೆ. ಅಣ್ಣ ಎಸ್ಸೆಸ್ಸೆಲ್ಸಿಗೇ ಬಿಟ್ಟು ನೇಗಿಲು ಹಿಡಿದವನು. ಅವನ ಲೆಕ್ಕ ಇವತ್ತಿನ ರೇಟಿನದು. ನಮ್ಮ ಲೆಕ್ಕ ಆವತ್ತು ಅಪ್ಪನ ಕೈಗೆ ಬಂದ ದುಡ್ಡಿನದು. ಎರಡರ ನಡುವೆ ಮೂವತ್ತೆಂಟು ಮೂವತ್ತೊಂಬತ್ತು ಲಕ್ಷ ಇದೆ.

ಮಾರನೇ ವಾರ ಹಳೇ ಪತ್ರದ ನಕಲು ತೆಗೆಸೋಕೆ ಹೋದಾಗ ಸರ್ವರ್ ಡೌನ್ ಇತ್ತು. ಕಾರಿಡಾರಿನಲ್ಲಿ ಕೂತು ಫೋನಿನಲ್ಲಿ ಏನೇನೋ ಓದುತ್ತಾ ಹೋದಾಗ ಸಿಕ್ಕಿದವರು ಅಮೆರಿಕದ ಒಬ್ಬ ರೈತ. ತೀರಿಹೋಗಿ ಎರಡೂವರೆ ಶತಮಾನದ ಮೇಲಾಗಿದೆ. ಆದರೆ ಅವರ ಮನೆಯಲ್ಲಿ ನಡೆದದ್ದನ್ನು ಓದುತ್ತಿದ್ದರೆ ನಮ್ಮ ಅಣ್ಣನೇ ಹಿಂದೆ ನಿಂತು ಮಾತಾಡಿದ ಹಾಗಾಯಿತು.

ಅವರ ಹೆಸರು ಜಾನ್ ಆಡಮ್ಸ್. ಅಮೆರಿಕದ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ ಇವರ ಮಗ. ಇಬ್ಬರದ್ದೂ ಒಂದೇ ಹೆಸರು, ಅದಕ್ಕೆ ಅಪ್ಪನನ್ನು ಎಲ್ಲರೂ ಡೀಕನ್ ಜಾನ್ ಅನ್ನುತ್ತಾರೆ. ಡೀಕನ್ ಅಂದರೆ ಚರ್ಚಿನ ಕೆಲಸ ನೋಡಿಕೊಳ್ಳುವ ಹಿರಿಯ. ಮ್ಯಾಸಚುಸೆಟ್ಸ್‌ನ ಬ್ರೈನ್‌ಟ್ರೀ ಅನ್ನುವ ಊರು, ಬಾಸ್ಟನ್ ಪಟ್ಟಣದ ದಕ್ಷಿಣಕ್ಕೆ. ಆಗಿನ್ನೂ ಅಮೆರಿಕ ಅನ್ನುವ ದೇಶ ಇರಲಿಲ್ಲ, ಬ್ರಿಟಿಷರ ವಸಾಹತು. ಅದಕ್ಕೂ ಮೊದಲು ಆ ನೆಲ ಮ್ಯಾಸಚುಸೆಟ್ ಅನ್ನುವ ಮೂಲನಿವಾಸಿಗಳದ್ದು. ಆ ಜನರ ಹೆಸರೇ ಇವತ್ತಿಗೂ ರಾಜ್ಯಕ್ಕಿದೆ, ನೆಲ ಅವರ ಕೈಯಲ್ಲಿ ಉಳಿಯಲಿಲ್ಲ. ಪಾಲಿನ ಕಥೆ ಹೇಳುವಾಗ ಇದನ್ನೂ ಹೇಳಬೇಕು.

ಡೀಕನ್ ಜಾನ್ ಬೇಸಿಗೆಯಲ್ಲಿ ಬೇಸಾಯ, ಚಳಿಗಾಲದಲ್ಲಿ ಚಪ್ಪಲಿ ಬೂಟು ಹೊಲಿಯುವ ಕೆಲಸ ಮಾಡುತ್ತಿದ್ದರು. ಅಲ್ಲಿ ಹಿಮ ಬಿದ್ದರೆ ಹೊಲದಲ್ಲಿ ಏನೂ ಮಾಡೋಕಾಗಲ್ಲ, ಹಾಗಾಗಿ ರೈತನಿಗೆ ಕೈಯಲ್ಲಿ ಇನ್ನೊಂದು ಕಸುಬು ಇರಬೇಕಿತ್ತು. 1720ರಲ್ಲಿ ಒಂದು ಮನೆ ಕೊಂಡರು. 1744ರಲ್ಲಿ ಅದರ ಪಕ್ಕದ ಮನೆಯನ್ನೂ ಕೊಂಡರು. ಮೂರು ಗಂಡುಮಕ್ಕಳು: ಜಾನ್, ಪೀಟರ್, ಎಲಿಹು. ಹೆಣ್ಣುಮಕ್ಕಳಿಲ್ಲ.

ಹಿರಿಮಗ ಜಾನ್‌ನನ್ನು ಓದಿಸಬೇಕು, ಪಾದ್ರಿ ಮಾಡಬೇಕು ಅಂತ ಅಪ್ಪನ ಆಸೆ. ಇದು ಅವರ ಮನೆತನದಲ್ಲೇ ಇದ್ದ ಪದ್ಧತಿ. ಡೀಕನ್ ಜಾನ್ ಅವರ ಅಣ್ಣ ಜೋಸೆಫ್ ಹಾರ್ವರ್ಡ್ ಕಾಲೇಜಿನಲ್ಲಿ ಓದಿ ಪಾದ್ರಿ ಆದವರು, ತಮ್ಮ ಜಮೀನಿನಲ್ಲಿ ಉಳಿದವರು. ಹುಡುಗನಿಗೆ ಮಾತ್ರ ಪುಸ್ತಕ ಬೇಡ. ನಾನು ರೈತನೇ ಆಗ್ತೀನಿ ಅಂದ. ಸರಿ, ರೈತ ಅಂದರೆ ಏನು ಅಂತ ತೋರಿಸ್ತೀನಿ ಬಾ ಅಂತ ಅಪ್ಪ ಬೆಳಿಗ್ಗೆಯೇ ಕರೆದುಕೊಂಡು ಹೋಗಿ, ಸೂರಿಗೆ ಹೊದಿಸುವ ಹುಲ್ಲು ಕೊಯ್ಯುವ ಕೆಲಸಕ್ಕೆ ಹಚ್ಚಿದರು. ಇಡೀ ದಿನ ಕೆಸರಿನಲ್ಲಿ. ರಾತ್ರಿ ಕೇಳಿದರು, ಈಗ ಹೇಗನ್ನಿಸ್ತದೆ ಅಂತ. ಹುಡುಗ ಬಹಳ ಚೆನ್ನಾಗಿದೆ ಅಂದುಬಿಟ್ಟ. ಅಪ್ಪ, ನನಗೆ ಅಷ್ಟು ಚೆನ್ನಾಗಿ ಕಾಣ್ತಿಲ್ಲ, ನಡಿ ಸ್ಕೂಲಿಗೆ ಅಂದರು. ಮುಂದೆ ಜಾನ್ ತಾವೇ ಇದನ್ನು ನೆನಪು ಮಾಡಿಕೊಂಡಿದ್ದಾರೆ.

ಆವತ್ತು ರಾತ್ರಿ ನಾವು ಇದನ್ನು ಅಪ್ಪನಿಗೆ ಓದಿ ಹೇಳಿದೆವು. ಅಪ್ಪನಿಗೆ ಈಗ ಎಪ್ಪತ್ತೆರಡು, ಕಣ್ಣು ಮಂಜು. ಆದರೆ ಕಥೆ ಅಂದರೆ ಕೂರುತ್ತಾರೆ. ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ನಿನ್ನೂ ಹಿಂಗೇ ಕಡ್ಲೆಕಾಯಿ ಹೊಲಕ್ಕೆ ಕಳೆ ಕೀಳೋಕೆ ಕರ್ಕೊಂಡು ಹೋಗಿದ್ದೆ. ನೀನು ಮಧ್ಯಾಹ್ನಕ್ಕೇ ಸಾಕು ಅಂದೆ."

ಅದು ನಿಜ. ಬರೆಯದೆ ಇರೋಕಾಗಲ್ಲ.

ಜಾನ್ 1751ರಲ್ಲಿ ಹಾರ್ವರ್ಡ್‌ಗೆ ಸೇರಿದರು. ಖರ್ಚಿಗೆ ಅಂತ ಡೀಕನ್ ಜಾನ್ ಹತ್ತು ಎಕರೆ ಮಾರಿದರು ಅಂತ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಜಮೀನು ಸೇರಿಸುತ್ತಾ ಬಂದ ಮನುಷ್ಯ ಮಗನ ಓದಿಗೆ ಜಮೀನು ಕೊಟ್ಟರು. ಮಗ 1755ರಲ್ಲಿ ಪದವಿ ಮುಗಿಸಿದ, ಸ್ವಲ್ಪ ಕಾಲ ಮೇಷ್ಟ್ರಾದ, ಆಮೇಲೆ ಪಾದ್ರಿ ಆಗೋದು ಬಿಟ್ಟು ಲಾಯರ್ ಆದ.

ಈಗ ಪಾಲಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಆ ಕಾಲದ ಮ್ಯಾಸಚುಸೆಟ್ಸ್‌ನಲ್ಲಿ ಉಯಿಲು ಬರೆಯದೆ ಸತ್ತರೆ ಆಸ್ತಿ ಹೇಗೆ ಹಂಚಬೇಕು ಅಂತ 1692ರ ಕಾನೂನಿತ್ತು. ಜಮೀನು ಮನೆಯಲ್ಲಿ ಮೂರನೇ ಒಂದು ಭಾಗ ಹೆಂಡತಿಯದು, ಅದೂ ಬದುಕಿರುವ ತನಕ ಅನುಭವಿಸಲು ಮಾತ್ರ, ಮಾರುವ ಹಾಗಿಲ್ಲ. ಉಳಿದದ್ದು ಮಕ್ಕಳಿಗೆ ಸಮ, ಆದರೆ ಹಿರಿಮಗನಿಗೆ ಎರಡು ಪಾಲು. ಬೈಬಲ್ಲಿನಲ್ಲಿ ಹಾಗೆ ಇದೆ ಅಂತ ಅವರು ಹಾಗೆ ಮಾಡಿಕೊಂಡಿದ್ದರು. ಹೆಣ್ಣುಮಕ್ಕಳಿಗೂ ಒಂದೊಂದು ಪಾಲು ಕಾನೂನಿನಲ್ಲಿತ್ತು. ಆದರೆ ಉಯಿಲು ಬರೆಯುವ ಅಪ್ಪಂದಿರು ಸಾಮಾನ್ಯವಾಗಿ ನೆಲ ಗಂಡುಮಕ್ಕಳಿಗೆ ಇಟ್ಟು, ಹೆಣ್ಣುಮಕ್ಕಳಿಗೆ ಹಾಸಿಗೆ, ಬಟ್ಟೆ, ಪಾತ್ರೆ, ಒಂದು ಹಸು, ಸ್ವಲ್ಪ ದುಡ್ಡು ಬರೆಯುತ್ತಿದ್ದರು. ಹೊಲವನ್ನು ಇನ್ನು ಒಡೆದರೆ ಯಾರಿಗೂ ಹೊಟ್ಟೆ ತುಂಬಲ್ಲ ಅನ್ನುವ ಹಾಗಿದ್ದರೆ, ಇಡೀ ಹೊಲ ಹಿರಿಮಗನಿಗೆ ಕೊಟ್ಟು ಅವನು ಉಳಿದವರಿಗೆ ದುಡ್ಡು ಕೊಡಬೇಕು ಅನ್ನುವ ದಾರಿಯೂ ಇತ್ತು. ಗುಂಟೆಗುಂಟೆ ಒಡೆದು ಪೋಡಿ ಮಾಡಿಸುವ ನಮಗೆ ಇದು ಯೋಚನೆ ಮಾಡುವಂಥದ್ದು.

ಆ ಉಯಿಲುಗಳಲ್ಲಿ ಗಂಡ ಸತ್ತ ಹೆಣ್ಣುಮಗಳ ವಿಷಯ ಬರೆಯುವ ರೀತಿ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಮನೆ ಮಗನಿಗೆ. ಅಮ್ಮನಿಗೆ ಮನೆಯ ಇಂಥ ಕಡೆಯ ಒಂದು ಕೋಣೆ, ಬಾವಿಯಿಂದ ನೀರು ಸೇದುವ ಹಕ್ಕು, ಒಲೆಯಲ್ಲಿ ರೊಟ್ಟಿ ಸುಟ್ಟುಕೊಳ್ಳುವ ಹಕ್ಕು, ಇಷ್ಟು ಕಾಳು, ಇಷ್ಟು ಸೌದೆ, ಸೌದೆಯನ್ನು ಸೀಳಿ ಬಾಗಿಲಿಗೇ ತಂದು ಹಾಕಬೇಕು. ಇಷ್ಟನ್ನೂ ಕಾಗದದ ಮೇಲೆ ಬರೆಯುತ್ತಿದ್ದರು. ಮಗ ನೋಡಿಕೊಳ್ಳುತ್ತಾನೆ ಅಂತ ಬಾಯಿಮಾತಿಗೆ ಬಿಡುತ್ತಿರಲಿಲ್ಲ. ನಮ್ಮ ಜಗಲಿ ಮೇಲೆ ಅವತ್ತು ಅಷ್ಟೊತ್ತು ಮಾತಾಡಿದರೂ ಅವ್ವ ಯಾವ ಕೋಣೆಯಲ್ಲಿ ಇರ್ತಾಳೆ ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಡೀಕನ್ ಜಾನ್ ಉಯಿಲು ಬರೆದೇ ಸತ್ತರು. 1761ರ ಮೇ ತಿಂಗಳು, ಊರಿಗೆಲ್ಲಾ ಜ್ವರದ ಸಾಂಕ್ರಾಮಿಕ ಬಂದಿತ್ತು, ಇನ್‌ಫ್ಲುಯೆಂಜಾ. ಹೆಂಡತಿ ಸುಸಾನಾಗೂ ಬಂದಿತ್ತು, ಆಕೆ ಉಳಿದರು. ಡೀಕನ್ ಜಾನ್‌ಗೆ ಆಗ 70.

ಉಯಿಲು ಇಲ್ಲದಿದ್ದರೆ ಏನಾಗುತ್ತಿತ್ತು ಲೆಕ್ಕ ಹಾಕಿ. ಮೂರು ಗಂಡುಮಕ್ಕಳು, ಹಿರಿಯನಿಗೆ ಎರಡು. ಅಂದರೆ ಮಕ್ಕಳ ಭಾಗವನ್ನು ನಾಲ್ಕು ಪಾಲು ಮಾಡಿ ಎರಡು ಜಾನ್‌ಗೆ, ಒಂದೊಂದು ತಮ್ಮಂದಿರಿಗೆ. ಅರ್ಧ ಆಸ್ತಿ ಜಾನ್‌ದು. ಆದರೆ ಉಯಿಲಿನಲ್ಲಿ ಅಪ್ಪ ಇದನ್ನು ತಿರುಗಿಸಿಬಿಟ್ಟಿದ್ದರು. ಹಿರಿಮಗನಿಗೆ ತಮ್ಮಂದಿರಿಗಿಂತ ಕಡಿಮೆ. ಕಾರಣ, ಅವನನ್ನು ಕಾಲೇಜಿಗೆ ಕಳಿಸಿ ಓದಿಸಿಯಾಗಿದೆ. ದೊಡ್ಡ ಮನೆ, ಅದರ ಸುತ್ತಲ ಹೊಲ ಪೀಟರ್‌ಗೆ ಹೋಯಿತು. ಎಲಿಹುಗೂ ಜಮೀನು ಬಂತು. ಜಾನ್‌ಗೆ ಪಕ್ಕದ ಮನೆ, ಸುಮಾರು 40 ಎಕರೆ. ಮನೆ ಹತ್ತಿರ 10, ಉಳಿದ 30ರಲ್ಲಿ ಹಣ್ಣಿನ ತೋಟ, ಹುಲ್ಲುಗಾವಲು, ಕಾಡು.

40 ಎಕರೆ ಅಂದರೆ ನಮಗೆ ಜಮೀನ್ದಾರ ಅನ್ನಿಸುತ್ತದೆ. ಕಲ್ಲು ತುಂಬಿದ, ವರ್ಷದಲ್ಲಿ ಅರ್ಧ ಕಾಲ ಚಳಿ ಹೊಡೆಯುವ ನೆಲದಲ್ಲಿ ಅದು ಅಷ್ಟು ದೊಡ್ಡದಲ್ಲ.

ಅಪ್ಪ ಇದನ್ನು ಕೇಳಿ ಸುಮ್ಮನಾದರು. ಆಮೇಲೆ, "ಆ ಹುಡ್ಗ ಏನಂದ?" ಅಂದರು.

ಜಗಳ ತೆಗೆದ ಹಾಗೆ ಕಾಣಲ್ಲ. ಅಪ್ಪನ ಉಯಿಲಿನ ಪ್ರತಿಯ ಮೇಲೆ ಜಾನ್ ಆಮೇಲೆ ತನ್ನ ಕೈಯಲ್ಲೇ ಅಪ್ಪನ ಬಗ್ಗೆ ನಾಲ್ಕು ಮಾತು ಬರೆದಿಟ್ಟಿದ್ದಾರೆ. ಕಾಲೇಜು ಕಾಣದಿದ್ದರೂ ತಿಳಿದ ಮನುಷ್ಯ, ಊರಿನ ಕೆಲಸವನ್ನೆಲ್ಲಾ ಇಪ್ಪತ್ತು ವರ್ಷ ಹೊತ್ತವರು, ಪ್ರಾಮಾಣಿಕರು, ಗೊತ್ತಿದ್ದವರೆಲ್ಲಾ ಪ್ರೀತಿಸುತ್ತಿದ್ದರು, ಆದರೆ ಗೊತ್ತಿದ್ದದ್ದು ಹತ್ತಿರದವರಿಗೆ ಮಾತ್ರ ಅನ್ನುವ ಅರ್ಥದ ಮಾತು. ಪಾಲು ಕಡಿಮೆ ಕೊಟ್ಟ ಕಾಗದದ ಮೇಲೇ ಅಪ್ಪನನ್ನು ಹೊಗಳಿ ಬರೆಯಬೇಕಾದರೆ ಒಳಗೆ ಏನೋ ಇತ್ಯರ್ಥ ಆಗಿರಬೇಕು. ಇದು ನಮ್ಮ ಊಹೆ.

ಆದರೆ ಅಪ್ಪನ ಮನೆಯ ಆಸೆ ಹೋಗಿರಲಿಲ್ಲ. ಎರಡೂ ಮನೆ ಅಕ್ಕಪಕ್ಕ, ನಡುವೆ ಬರೀ 75 ಅಡಿ. ಹದಿಮೂರು ವರ್ಷ ತಾನು ಹುಟ್ಟಿದ ಮನೆ ಜಾನ್ ಕೈಯಲ್ಲಿರಲಿಲ್ಲ. ತನ್ನ ಪಾಲಿನ ಮನೆಯಲ್ಲೇ ಅಬಿಗೇಲ್ ಜೊತೆ ಸಂಸಾರ ಹೂಡಿದರು, ಅಲ್ಲೇ 1767ರಲ್ಲಿ ಮಗ ಜಾನ್ ಕ್ವಿನ್ಸಿ ಹುಟ್ಟಿದ. ಅವನೂ ಮುಂದೆ ಅಧ್ಯಕ್ಷನಾದ. 1774ರಲ್ಲಿ, ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಗಲಾಟೆ ನಡೆದು ಎರಡೇ ತಿಂಗಳಾಗಿತ್ತು, ಊರೆಲ್ಲಾ ಕಾದ ಕಾವಲಿ. ಆಗ ಜಾನ್ ತಮ್ಮ ಪೀಟರ್‌ನಿಂದ ಅಪ್ಪನ ಮನೆ, ಕೊಟ್ಟಿಗೆ, 35 ಎಕರೆ, ಜೊತೆಗೆ 18 ಎಕರೆ ಹುಲ್ಲುಗಾವಲನ್ನು ಕ್ರಯಕ್ಕೆ ತೆಗೆದುಕೊಂಡರು. 440 ಪೌಂಡ್.

ಓದಿನ ದುಡ್ಡಿನಲ್ಲಿ, ಓದಿಗಾಗಿ ಕಳೆದುಕೊಂಡ ಪಾಲನ್ನು ಕೊಂಡರು ಅನ್ನಬಹುದು. ಲಾಯರ್‌ಗಿರಿ ಚೆನ್ನಾಗಿ ನಡೆದಿತ್ತು. ನಮ್ಮ ಕೈಯಲ್ಲಿ ಆಗದ ಕೆಲಸ. ಸುದ್ದಿಗೆ ಇಷ್ಟು ಅಂತ ಎಣಿಸಿ ಬರುವ ದುಡ್ಡಿನಲ್ಲಿ ಅಣ್ಣನಿಂದ ಒಂದು ಬದು ಕೂಡ ಕೊಳ್ಳೋಕಾಗಲ್ಲ. ಅಣ್ಣ 'ಓದಿಸಿದ್ದೇ ನಿನ್ನ ಪಾಲು' ಅಂದಾಗ ನಮಗೆ ಚುಚ್ಚಿದ್ದು ಅದೇ. ಪಾಲು ಅಂತಾದರೆ ಅದು ಬೆಳೆ ಕೊಡಬೇಕಲ್ಲ.

ಜಮೀನು ಕೊಂಡಾಗ ಜಾನ್ ಡೈರಿಯಲ್ಲಿ ಬರೆದದ್ದನ್ನು ನಾವು ಎರಡು ಸಲ ಓದಿದೆವು. ಈ ಮನುಷ್ಯ ಆಗಲೇ ಬ್ರಿಟಿಷ್ ಸರ್ಕಾರದ ವಿರುದ್ಧ ಲೇಖನ ಬರೆದು ಹೆಸರಾದವರು. ಆದರೆ ಡೈರಿಯಲ್ಲಿರುವುದು ಶುದ್ಧ ರೈತನ ಮಾತು. ಆ ಕಟ್ಟಡಗಳೂ ಆ ನೀರೂ ನನಗೆ ಬಹಳ ಬೇಕಿತ್ತು ಅನ್ನುತ್ತಾರೆ. ಹೊಲದೊಳಗೆ ಬಳುಕಿ ಹರಿಯುವ ಹಳ್ಳ ಅಂದರೆ ಮೊದಲಿಂದ ಅವರಿಗೆ ಪ್ರೀತಿ. ಹುಲ್ಲುಗಾವಲು ಸುಮಾರು ಹತ್ತು ಎಕರೆ ಇರಬಹುದು, ಯಾವ ಜಾತಿ ಹುಲ್ಲು ಹಾಕಲಿ, ಕ್ಲೋವರ್ ಹಾಕಿದರೆ ಹೇಗೆ ಅಂತ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಕೆಳಗಿನ ಗಿರಣಿಯವನು ನೀರು ಕಟ್ಟಿ ಮುಳುಗಿಸದಿದ್ದರೆ ಒಳ್ಳೆ ನೆಲ ಅನ್ನುತ್ತಾರೆ. ಯಾವ ಪಕ್ಕದವನ ಕಡೆಗೆ ಕಲ್ಲಿನ ಬೇಲಿ ಗಟ್ಟಿಯಿದೆ ಅಂತ ಒಬ್ಬೊಬ್ಬರ ಹೆಸರು ಹಿಡಿದು ಬರೆಯುತ್ತಾರೆ. ಚೆಕ್ಕುಬಂದಿ ಬರೆದ ಹಾಗೇ ಇದೆ.

ಅಪ್ಪ ಅಲ್ಲಿ ಕೈ ಎತ್ತಿ ನಿಲ್ಲಿಸಿದರು. "ನೀರು ತಮ್ಮನ ಪಾಲಿಗೆ ಹೋಗಿತ್ತಾ?"

ಹೂಂ ಅಂದೆವು. ಅಪ್ಪ ಬೀಡಿ ಹಚ್ಚಿ ಬೋರ್‌ವೆಲ್ ಕಡೆ ನೋಡಿದರು. ನಮ್ಮ ಬೋರು ಇರುವುದು ಅಣ್ಣ ತನಗೆ ಬೇಕು ಅನ್ನುತ್ತಿರುವ ತುಂಡಿನಲ್ಲಿ.

ಅಮೆರಿಕದ ಎಲ್ಲಾ ರೈತರೂ ಡೀಕನ್ ಜಾನ್ ಹಾಗೆ ಇರಲಿಲ್ಲ. ದಕ್ಷಿಣದ ವರ್ಜೀನಿಯಾದಲ್ಲಿ ಪಾಲಿನ ಪಟ್ಟಿಯಲ್ಲಿ ಮನುಷ್ಯರೂ ಇರುತ್ತಿದ್ದರು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಅಪ್ಪ 1743ರಲ್ಲಿ ಸತ್ತಾಗ ಹನ್ನೊಂದು ವರ್ಷದ ಜಾರ್ಜ್‌ಗೆ ಒಂದು ತೋಟದ ಜೊತೆ ಹತ್ತು ಜನ ಗುಲಾಮರು ಪಾಲಿಗೆ ಬಂದರು. ಹಸು, ಹಾಸಿಗೆ, ಮನುಷ್ಯ, ಎಲ್ಲಾ ಒಂದೇ ಪಟ್ಟಿಯಲ್ಲಿ. ಹೆಂಡತಿ ಒಬ್ಬ ಮಗನ ಪಾಲಿಗೆ, ಗಂಡ ಇನ್ನೊಬ್ಬನ ಪಾಲಿಗೆ ಹೋದರೆ ಆ ಸಂಸಾರ ಅಲ್ಲಿಗೇ ಮುಗಿಯಿತು. ಇದೇ ಜಾರ್ಜ್ 1799ರಲ್ಲಿ ತನ್ನ ಉಯಿಲು ಬರೆದಾಗ, ತನ್ನ ಹೆಂಡತಿಯ ಕಾಲಾನಂತರ ತನ್ನ ಹೆಸರಿನ ಗುಲಾಮರಿಗೆಲ್ಲಾ ಬಿಡುಗಡೆ ಅಂತ ಬರೆದರು. ಬದುಕಿದ್ದಾಗಲೇ ಬಿಡಬಹುದಿತ್ತು. ಬಿಡಲಿಲ್ಲ.

ಅದೇ ಉಯಿಲಿನ ಕೊನೆಯಲ್ಲಿ ಇನ್ನೊಂದು ಮಾತಿದೆ, ದೊಡ್ಡಪ್ಪನಿಗೆ ಇಷ್ಟವಾದದ್ದು. ನನ್ನ ಉಯಿಲಿನ ಬಗ್ಗೆ ತಕರಾರು ಬಂದರೆ ಕೋರ್ಟಿಗೆ ಹೋಗಬೇಡಿ, ಮೂರು ಜನ ನಿಷ್ಪಕ್ಷಪಾತಿಗಳು ತೀರ್ಮಾನ ಮಾಡಲಿ, ಈ ಕಡೆಯವರು ಒಬ್ಬರನ್ನು ಆರಿಸಲಿ, ಆ ಕಡೆಯವರು ಒಬ್ಬರನ್ನು, ಆ ಇಬ್ಬರು ಸೇರಿ ಮೂರನೆಯವರನ್ನು, ಅವರು ಹೇಳಿದ್ದೇ ಕೊನೆ ಅಂತ. "ನೋಡು, ಅಧ್ಯಕ್ಷನಾದವ್ನೂ ಪಂಚಾಯ್ತಿಗೇ ಬಂದ" ಅಂದರು ದೊಡ್ಡಪ್ಪ. ತಮ್ಮನ್ನು ಕರೆಸಿದ್ದು ಸರಿ ಅಂತ ಅವರಿಗೆ ಸಮಾಧಾನ.

ಇಲ್ಲಿಯವರೆಗೂ ನಾವು ಅಕ್ಕನ ಹೆಸರೆತ್ತಿಲ್ಲ. ನೀವು ಗಮನಿಸಿರಬಹುದು. ಜಗಲಿ ಮೇಲೂ ಯಾರೂ ಎತ್ತಲಿಲ್ಲ. ಅಣ್ಣನಿಗಿಂತ ಚಿಕ್ಕವಳು, ನಮಗಿಂತ ದೊಡ್ಡವಳು, ಪಕ್ಕದ ತಾಲ್ಲೂಕಿಗೆ ಮದುವೆಯಾಗಿ ಹದಿನೆಂಟು ವರ್ಷ. ಅವಳು ಬಂದು ಹಕ್ಕು ಬಿಡುಗಡೆಗೆ ಸೈನ್ ಹಾಕಿ ಹೋಗ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದೆವು. 2005ರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಗಳಿಗೂ ಸಮ ಪಾಲು ಅಂತ ನಾವೇ ಎಷ್ಟು ಸಲ ಸುದ್ದಿ ಬರೆದಿದ್ದೇವೆ. ನಮ್ಮ ಮನೆಗೆ ಆ ಸುದ್ದಿ ಬಂದಿರಲಿಲ್ಲ.

ಅಕ್ಕನ ನೆನಪಾದದ್ದು ಅಬಿಗೇಲ್ ಆಡಮ್ಸ್ ಬಗ್ಗೆ ಓದಿದಾಗ. ಆಗಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿ ಅನ್ನುವುದೇ ಇಲ್ಲ. ಅವಳು ದುಡಿದದ್ದು, ತಂದದ್ದು ಗಂಡನದ್ದು. ಉಯಿಲು ಬರೆಯುವ ಹಾಗೂ ಇಲ್ಲ. ಯುದ್ಧದ ಕಾಲದಲ್ಲಿ ಗಂಡ ಯುರೋಪಿನಲ್ಲಿದ್ದಾಗ ಅಬಿಗೇಲ್ ಅಲ್ಲಿಂದ ಕರ್ಚೀಫು, ಗುಂಡುಸೂಜಿಯಂಥ ಸಾಮಾನು ತರಿಸಿ ಮಾರಿಸಿದರು, ಬಂದ ದುಡ್ಡನ್ನು ಸರ್ಕಾರದ ಸಾಲಪತ್ರಗಳಲ್ಲಿ ಹಾಕಿ ಬೆಳೆಸಿದರು. ಗಂಡನಿಗೆ ಜಮೀನು ಕೊಳ್ಳುವ ಹುಚ್ಚು, ಇವರಿಗೆ ಸಾಲಪತ್ರದ ಮೇಲೆ ನಂಬಿಕೆ. ಲಾಭ ಇವರ ದಾರಿಯಲ್ಲೇ ಹೆಚ್ಚಿತ್ತು. ಆ ದುಡ್ಡನ್ನು ತನ್ನದು ಅಂತಲೇ ಅಂದುಕೊಂಡಿದ್ದರು. 1816ರಲ್ಲಿ, 71ನೇ ವಯಸ್ಸಿನಲ್ಲಿ, ಗಂಡ ಬದುಕಿರುವಾಗಲೇ ಕೂತು ಉಯಿಲು ಬರೆದರು. ಕಾನೂನು ಒಪ್ಪದ ಕಾಗದ. ಗಂಡುಮಕ್ಕಳಿಬ್ಬರಿಗೆ ಹೆಸರಿಗೆ ಸ್ವಲ್ಪ ಬರೆದು, ಉಳಿದದ್ದನ್ನೆಲ್ಲಾ ಮೊಮ್ಮಗಳಂದಿರು, ಸೊಸೆಯಂದಿರು, ಅಣ್ಣತಮ್ಮ ಅಕ್ಕತಂಗಿಯರ ಹೆಣ್ಣುಮಕ್ಕಳು, ಮನೆಗೆಲಸದ ಹೆಂಗಸರಿಗೆ ಹಂಚಿದರು. ಎರಡು ವರ್ಷದ ಮೇಲೆ ತೀರಿಕೊಂಡರು. ಜಾನ್ ಆ ಉಯಿಲನ್ನು ಹರಿದುಹಾಕಿದ್ದರೂ ಕೇಳುವವರಿರಲಿಲ್ಲ. ಬರೆದ ಹಾಗೇ ನಡೆಸಿಕೊಟ್ಟರು.

ಅಪ್ಪನ ಎರಡು ಮನೆಗಳೂ ಜಾನ್ ಕೈಯಲ್ಲಿ ಕೊನೆತನಕ ಉಳಿಯಲಿಲ್ಲ. 1803ರಲ್ಲಿ ದುಡ್ಡಿಟ್ಟಿದ್ದ ಬ್ಯಾಂಕು ಮುಳುಗಿ ಮುದಿ ವಯಸ್ಸಿನಲ್ಲಿ ಕಷ್ಟಕ್ಕೆ ಸಿಕ್ಕಾಗ ಮಗ ಜಾನ್ ಕ್ವಿನ್ಸಿ ಅವುಗಳನ್ನು ಕೊಂಡುಕೊಂಡ. ಎರಡೂ ಮನೆ ಇವತ್ತಿಗೂ ನಿಂತಿವೆ. ಆ ಊರಿಗೆ ಈಗ ಕ್ವಿನ್ಸಿ ಅನ್ನುತ್ತಾರೆ, ಜನ ನೋಡೋಕೆ ಹೋಗುತ್ತಾರೆ.

ಮೊನ್ನೆ ಶುಕ್ರವಾರ ಮತ್ತೆ ಕೂತಿದ್ದೆವು. ಈ ಸಲ ಅಪ್ಪನೇ ಬಾಯಿಬಿಟ್ಟರು. 20 ಗುಂಟೆ ಮಾರಿದ್ದು ನಾನು, ರೇಟು ಕಟ್ಟೋಕೆ ಅದು ಇವತ್ತು ಸಂತೇಲಿಲ್ಲ ಅಂದರು. ಅಣ್ಣನ ಮುಖ ಸಪ್ಪಗಾಯಿತು. ಅಪ್ಪ ಅವನ ಕಡೆ ತಿರುಗಿ, ಇವನಿಗೆ ಓದು ಸಿಕ್ತು, ನಿನಗೆ ನನ್ನ ಜೊತೆ ಇಪ್ಪತ್ತು ವರ್ಷದ ದುಡಿಮೆ ಸಿಕ್ತು, ಅದಕ್ಕೆ ಕೂಲಿ ಬರೆದೋರು ಯಾರೂ ಇಲ್ಲ ಅಂದರು. ನಾವು ಅರ್ಧ ಎಕರೆ ಕಡಿಮೆ ತಗೊಳ್ಳೋಕೆ ಒಪ್ಪಿದೆವು. ಒಪ್ಪಿದ್ದು ದೊಡ್ಡ ಮನಸ್ಸಿನಿಂದ ಅಂತ ಬರೆದರೆ ಸುಳ್ಳಾಗುತ್ತದೆ. ರಾತ್ರಿ ನಿದ್ದೆ ಬರಲಿಲ್ಲ. ಬೋರಿನ ನೀರು ವಾರಕ್ಕೆ ಇಂತಿಷ್ಟು ದಿನ ಇಂಥವರಿಗೆ ಅಂತ ಪತ್ರದಲ್ಲೇ ಬರೆಸಬೇಕು ಅಂತ ಕೇಳಿದೆವು. ಅವ್ವನ ಕೋಣೆ, ಅವ್ವನ ಹಸು, ವರ್ಷಕ್ಕೆ ಎರಡು ಮೂಟೆ ರಾಗಿ ಅಂತಲೂ ಬರೆಸಬೇಕು ಅಂದೆವು. ಅತ್ತಿಗೆ "ನಾವೇನು ಅವರನ್ನ ಹೊರಗೆ ಹಾಕ್ತೀವಾ?" ಅಂತ ಬೇಜಾರು ಮಾಡಿಕೊಂಡರು. ಅವ್ವ ಒಳಗಿನಿಂದ, "ಬರೀಲಿ ಬಿಡಮ್ಮ" ಅಂದಳು.

ಅಕ್ಕನಿಗೆ ಫೋನ್ ಮಾಡಿದ್ದು ಅದಾದ ಮೇಲೆ. ಅಷ್ಟೂ ಹೊತ್ತು ಕೇಳಿಸಿಕೊಂಡು, "ನನ್ನ ಮದುವೆಗೆ ಖರ್ಚಾಗಿದ್ದು ಎಷ್ಟು ಅಂತ ಅಣ್ಣ ಹೇಳಲಿಲ್ವಾ?" ಅಂದಳು. ಅವಳ ದನಿಯಲ್ಲಿ ನಗು ಇತ್ತೋ ಇನ್ನೇನೋ. ಇನ್ನೂ ಹೇಳಿಲ್ಲ ಅಂದೆವು.

"ಹೇಳ್ತಾನೆ ಬಿಡು. ಸರ್ವೆಯರ್ ಯಾವತ್ತು ಬರೋದು?"

"ಸೋಮವಾರ."

"ನಾನು ಬೆಳಿಗ್ಗೆ ಬಸ್ಸಿಗೇ ಬರ್ತೀನಿ. ಸೈನ್ ಹಾಕೋಕಲ್ಲ, ಚೈನು ಹಿಡಿಯೋಕೆ."